ಸಾರ್ಕಾಯ್ಡೋಸಿಸ್ ‘ಸ್ಟೇಜ್ 2’ ಅಂದರೆ ಏನು? ಗದಗಿನ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಾವು ಗದಗ-ಬೆಟಗೇರಿಯವರು. ನಮ್ಮ ಮನೆಯವರಿಗೆ 42 ವರ್ಷ, ಪ್ರಿಂಟಿಂಗ್ ಪ್ರೆಸ್‌ನಲ್ಲಿ ಕೆಲಸ. ನಾಲ್ಕೈದು ತಿಂಗಳಿಂದ ಒಣ ಕೆಮ್ಮು, ಸುಸ್ತು, ಮೆಟ್ಟಿಲು ಹತ್ತಿದರೆ ದಮ್ಮು. ಎಕ್ಸ್‌ರೇ ನೋಡಿ ಟಿಬಿ ಇರಬಹುದು ಅಂತ ಗುಳಿಗೆ ಶುರು ಮಾಡಿದರು. ಎರಡು ತಿಂಗಳಾದರೂ ಏನೂ ಫರಕು ಬೀಳಲಿಲ್ಲ. ಹುಬ್ಬಳ್ಳಿಗೆ ಹೋದಾಗ ಸ್ಕ್ಯಾನ್ ಮಾಡಿ, ದುರ್ಬೀನು ಹಾಕಿ ತುಣುಕು ತೆಗೆದರು. ಟಿಬಿ ಗುಳಿಗೆ ನಿಲ್ಲಿಸಿದರು. ಈಗ ‘ಸಾರ್ಕಾಯ್ಡೋಸಿಸ್, ಸ್ಟೇಜ್ 2’ ಅಂದಿದ್ದಾರೆ. ಶ್ವಾಸಕೋಶ ತೊಳೆದ ನೀರಿನ ರಿಪೋರ್ಟ್‌ನಲ್ಲಿ ಲಿಂಫೋಸೈಟ್ ಶೇ. 42, ಸಿಡಿ4–ಸಿಡಿ8 ಅನುಪಾತ 5.1 ಅಂತಿದೆ. ಸ್ಟೇಜ್ ಅನ್ನೋ ಮಾತು ಕೇಳಿ ಅತ್ತೆಯವರು ಊಟ ಬಿಟ್ಟಿದ್ದಾರೆ. ರೋಗನಿರೋಧಕ ಶಕ್ತಿ ಕಡಿಮೆಯಾಗಿ ಬಂದಿದೆ ಅಂತ ಒಬ್ಬರು, ಜಾಸ್ತಿಯಾಗಿ ಬಂದಿದೆ ಅಂತ ಇನ್ನೊಬ್ಬರು ಹೇಳುತ್ತಾರೆ. ಶಕ್ತಿಗೆ ಅಂತ ಅಮೃತಬಳ್ಳಿ ಕಷಾಯ, ಕ್ಯಾಲ್ಸಿಯಂ, ವಿಟಮಿನ್ ಡಿ ಗುಳಿಗೆ ಕೊಡುತ್ತಿದ್ದೇವೆ. ಸ್ಟೀರಾಯ್ಡ್ ಬರೆದುಕೊಟ್ಟಿದ್ದಾರೆ, ಶುರು ಮಾಡಲು ಹೆದರಿಕೆ. ಏನು ಮಾಡಬೇಕು?

ಉತ್ತರ: ತಂಗೀ, ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲು ನಿಮ್ಮ ಅತ್ತೆಯವರಿಗೆ ಒಂದು ಮಾತು ಹೇಳಿ. ಇದು ಕ್ಯಾನ್ಸರ್ ಅಲ್ಲ. ರೋಗನಿರೋಧಕ ಕಣಗಳು ಶ್ವಾಸಕೋಶದಂಥ ಅಂಗಗಳಲ್ಲಿ ಗುಂಪುಗೂಡಿ ಸಣ್ಣ ಗಂಟು ಕಟ್ಟುವ ರೋಗ. ಇಲ್ಲಿ ‘ಸ್ಟೇಜ್ 2’ ಅಂದರೆ ರೋಗ ಅರ್ಧ ದಾರಿ ಬಂದಿದೆ ಅಂತಲೂ ಅಲ್ಲ. ಅವರು ಊಟ ಮಾಡಲಿ.

ಆ ಪದ ಅವರನ್ನು ಹೆದರಿಸಿದ್ದರಲ್ಲಿ ತಪ್ಪೇನೂ ಇಲ್ಲ. ನಮ್ಮ ಮನೆಗಳಲ್ಲಿ ಸ್ಟೇಜ್ ಅನ್ನೋ ಮಾತು ಬರುವುದೇ ಕ್ಯಾನ್ಸರ್ ಬಂದಾಗ. ಈ ರೋಗದ ಹೆಸರಿನ ಹಿಂದೆಯೂ ಕ್ಯಾನ್ಸರ್‌ನ ನೆರಳಿದೆ. 1899ರಲ್ಲಿ ನಾರ್ವೆಯ ಚರ್ಮರೋಗ ವೈದ್ಯ ಸೀಸರ್ ಬೋಕ್ ಒಬ್ಬ ರೋಗಿಯ ಚರ್ಮದ ಗಂಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅದು ಸಾರ್ಕೋಮಾ ಎಂಬ ಕ್ಯಾನ್ಸರ್‌ನ ಹಾಗೆ ಕಂಡಿತು, ಆದರೆ ಅಂಥ ಅಪಾಯದ್ದಲ್ಲ ಅನ್ನುವುದು ಅವರಿಗೆ ಗೊತ್ತಾಯಿತು. ಅದಕ್ಕೇ ‘ಸಾರ್ಕಾಯ್ಡ್’ ಎಂದು ಕರೆದರು, ಸಾರ್ಕೋಮಾದ ತರಹ ಕಾಣುವಂಥದ್ದು ಅಂತ. ಆ ಹೆಸರೇ ಉಳಿದುಕೊಂಡಿತು.

ಸ್ಟೇಜ್ ಎಲ್ಲಿಂದ ಬಂತು ಅಂತ ಹೇಳುತ್ತೇನೆ. 1961ರಲ್ಲಿ ಸ್ಕ್ಯಾಡಿಂಗ್ ಎಂಬ ವೈದ್ಯರು ಇಂಗ್ಲೆಂಡಿನ 136 ರೋಗಿಗಳನ್ನು ಐದು ವರ್ಷ ಗಮನಿಸಿ ಅವರ ಎಕ್ಸ್‌ರೇಗಳನ್ನು ಗುಂಪು ಮಾಡಿದರು. ಆಗ ಸಿ.ಟಿ. ಸ್ಕ್ಯಾನ್ ಇರಲಿಲ್ಲ, ಎದೆಯ ಎಕ್ಸ್‌ರೇ ಒಂದೇ ಆಧಾರ. ಎದೆಯ ನಡುವೆ, ಹೃದಯದ ಎರಡೂ ಬದಿಗೆ, ಶ್ವಾಸನಾಳಗಳು ಕವಲೊಡೆಯುವ ಜಾಗದಲ್ಲಿ ದುಗ್ಧಗ್ರಂಥಿಗಳಿವೆ. ಅವು ಊದಿಕೊಂಡು ಶ್ವಾಸಕೋಶ ಸ್ವಚ್ಛವಾಗಿದ್ದರೆ ಒಂದು. ಗ್ರಂಥಿಗಳ ಜೊತೆಗೆ ಶ್ವಾಸಕೋಶದಲ್ಲೂ ಚುಕ್ಕೆ ಕಂಡರೆ ಎರಡು. ಗ್ರಂಥಿ ಕಾಣದೆ ಬರೀ ಶ್ವಾಸಕೋಶದಲ್ಲಿ ಚುಕ್ಕೆಗಳಿದ್ದರೆ ಮೂರು. ಕಲೆಗಟ್ಟಿ, ಶ್ವಾಸಕೋಶ ಎಳೆದುಕೊಂಡು ಕುಗ್ಗಿದ್ದರೆ ನಾಲ್ಕು. ಏನೂ ಕಾಣದಿದ್ದರೆ ಸೊನ್ನೆ. ಇವತ್ತಿಗೂ ನಾವು ಬರೆಯುವುದು ಇದೇ ಲೆಕ್ಕ.

ಮೂರನೆಯದನ್ನು ಇನ್ನೊಮ್ಮೆ ಓದಿ. ಎರಡರಲ್ಲಿದ್ದ ಗ್ರಂಥಿಗಳು ಮೂರರಲ್ಲಿ ಇಲ್ಲ. ಕ್ಯಾನ್ಸರ್‌ನ ಸ್ಟೇಜ್ ಹೀಗಿರುವುದಿಲ್ಲ, ಅಲ್ಲಿ ಹಿಂದಿನದರ ಮೇಲೆ ಹೊಸದು ಸೇರುತ್ತಾ ಹೋಗುತ್ತದೆ. ಇಲ್ಲಿರುವುದು ಐದು ಬೇರೆ ಬೇರೆ ಚಿತ್ರಗಳು, ಅಷ್ಟೆ. ಎರಡರಲ್ಲಿ ಇದ್ದವರು ಸೊನ್ನೆಗೆ ಬರುವುದನ್ನು ನಾವು ದಿನವೂ ನೋಡುತ್ತೇವೆ. ಮೊದಲ ಎಕ್ಸ್‌ರೇಯಲ್ಲೇ ಮೂರು ಇದ್ದು ಜೀವನಪೂರ್ತಿ ನಾಲ್ಕಕ್ಕೆ ಹೋಗದವರೂ ಇದ್ದಾರೆ. ಇನ್ನೂ ಒಂದು ವಿಷಯ ಇದೆ. ಒಂದೇ ಎಕ್ಸ್‌ರೇ ನೋಡಿ ನಾನು ಎರಡು ಅಂದರೆ ಪಕ್ಕದ ಕುರ್ಚಿಯ ವೈದ್ಯರು ಮೂರು ಅನ್ನಬಹುದು.

ಹಾಗಂತ ಆ ಸಂಖ್ಯೆ ಸುಮ್ನೆ ಬರೆದದ್ದಲ್ಲ. ದೊಡ್ಡ ಗುಂಪಿನ ಮಟ್ಟಿಗೆ ಅದು ಮುಂದಿನ ಸೂಚನೆ ಕೊಡುತ್ತದೆ. ಒಂದನೇ ಚಿತ್ರದವರಲ್ಲಿ ಶೇ. 55ರಿಂದ 90ರಷ್ಟು ಜನರಿಗೆ ರೋಗ ತಾನಾಗಿಯೇ ಇಳಿಯುತ್ತದೆ. ಎರಡರಲ್ಲಿ ಶೇ. 40ರಿಂದ 70. ಮೂರರಲ್ಲಿ ಶೇ. 10ರಿಂದ 20. ನಾಲ್ಕರಲ್ಲಿ ಕಲೆ ಮಾಯುವುದಿಲ್ಲ. ನಿಮ್ಮ ಮನೆಯವರು ಇರುವ ಗುಂಪಿನಲ್ಲಿ ಸುಮಾರು ಅರ್ಧದಷ್ಟು ಜನ ಔಷಧಿ ಇಲ್ಲದೆಯೇ ಸುಧಾರಿಸುತ್ತಾರೆ ಅಂತಾಯಿತು. ಆದರೆ ಅವರು ಯಾವ ಅರ್ಧಕ್ಕೆ ಸೇರಿದವರು ಅನ್ನುವುದನ್ನು ಎಕ್ಸ್‌ರೇ ಹೇಳುವುದಿಲ್ಲ. ಅದಕ್ಕೆ ಶ್ವಾಸಕೋಶದ ಒಳಗಿನ ಕಣಗಳು, ಅಂದರೆ ಜೀವಕೋಶಗಳು, ಈಗ ಏನು ಮಾಡುತ್ತಿವೆ ಅನ್ನುವುದನ್ನು ನೋಡಬೇಕು. ನಿಮ್ಮ ಪ್ರಶ್ನೆಯ ಜೀವ ಇರುವುದು ಅಲ್ಲೇ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಮ್ಮ ಶ್ವಾಸಕೋಶದ ಕೊನೆಯಲ್ಲಿ ದ್ರಾಕ್ಷಿ ಗೊಂಚಲಿನಂಥ ಗಾಳಿಚೀಲಗಳಿವೆ. ಅದರೊಳಗೆ ಮ್ಯಾಕ್ರೋಫೇಜ್ ಎಂಬ ದೊಡ್ಡ ಕಣಗಳು ಓಡಾಡುತ್ತಿರುತ್ತವೆ. ಧೂಳು, ಹೊಗೆ, ಸೂಕ್ಷ್ಮಜೀವಿ ಏನು ಬಂದರೂ ನುಂಗಿ ಹಾಕುವುದು ಅವುಗಳ ಕೆಲಸ. ನುಂಗಿದ್ದರ ಒಂದು ಚೂರನ್ನು ಅವು ತಮ್ಮ ಮೈಮೇಲೆ ಎತ್ತಿ ಹಿಡಿದು ತೋರಿಸುತ್ತವೆ. ಅದನ್ನು ನೋಡಿ ಗುರುತು ಹಿಡಿಯುವವು ಟಿ ಲಿಂಫೋಸೈಟ್‌ಗಳು. ಅವುಗಳಲ್ಲಿ ಎರಡು ಮುಖ್ಯ ಬಳಗ. ಸಿಡಿ4 ಅಂದರೆ ಕೂಗಿ ಕರೆದು ಕೆಲಸ ಹಚ್ಚುವವು. ಸಿಡಿ8 ಅಂದರೆ ಸೋಂಕು ತಗಲಿದ ಕಣವನ್ನು ತಾವೇ ಕೊಲ್ಲುವವು. ಸಾರ್ಕಾಯ್ಡೋಸಿಸ್ ಶುರುವಾಗುವಾಗ ಶ್ವಾಸಕೋಶದಲ್ಲಿ ಸಿಡಿ4 ಬಳಗ ಗುಂಪುಗೂಡುತ್ತದೆ. ಅವು ಇಂಟರ್‌ಫೆರಾನ್ ಗಾಮಾ ಎಂಬ ಸಂದೇಶದ ರಾಸಾಯನಿಕ ಬಿಡುತ್ತವೆ. ಅದನ್ನು ಕೇಳಿದ ಮ್ಯಾಕ್ರೋಫೇಜ್‌ಗಳು ಟಿಎನ್‌ಎಫ್ ಎಂಬ ಇನ್ನೊಂದನ್ನು ಬಿಡುತ್ತವೆ. ಆ ಕರೆಗೆ ಇನ್ನಷ್ಟು ಕಣಗಳು ಬರುತ್ತವೆ. ಬಂದವು ಮತ್ತೆ ಕೂಗುತ್ತವೆ.

ಹಾವೇರಿ ಕಡೆ ಗೋವಿನಜೋಳದ ಹೊಲಕ್ಕೆ ಚಿರತೆ ಹೊಕ್ಕಿದೆ ಅಂತ ಸುದ್ದಿಯಾದರೆ ಏನಾಗುತ್ತದೆ? ಒಬ್ಬ ನೋಡಿದೆ ಅಂತಾನೆ. ಊರಿನವರು ಬಡಿಗೆ ಹಿಡಿದು ಬರುತ್ತಾರೆ. ಹೊಲದ ಸುತ್ತ ಕೋಟೆ ಕಟ್ಟಿದಂತೆ ನಿಲ್ಲುತ್ತಾರೆ. ಚಿರತೆ ಒಳಗಿದೆಯೋ, ಆಗಲೇ ಹೋಗಿದೆಯೋ, ಬಂದೇ ಇರಲಿಲ್ಲವೋ, ಗೊತ್ತಿಲ್ಲ. ಜನ ಮಾತ್ರ ಕದಲುವುದಿಲ್ಲ. ಸಂಜೆ ಹೊತ್ತಿಗೆ ಪೈರು ತುಳಿದು ಹಾಳಾಗಿರುತ್ತದೆ, ಚಿರತೆಯಿಂದ ಅಲ್ಲ, ಜನರಿಂದ. ಸಾರ್ಕಾಯ್ಡೋಸಿಸ್‌ನಲ್ಲಿ ನಡೆಯುವುದು ಹೆಚ್ಚು ಕಡಿಮೆ ಇದೇ. ಸುತ್ತುವರಿದ ಆ ಗುಂಪಿಗೆ ಗ್ರ್ಯಾನುಲೋಮ ಅಂತ ಹೆಸರು.

ನಿಮ್ಮ ಮನೆಯವರ ತುಣುಕಿನ ಸ್ಲೈಡ್ ನಾನು ನೋಡಿಲ್ಲ. ಆದರೆ ಅಂಥವನ್ನು ನೂರಾರು ನೋಡಿದ್ದೇನೆ. ನಸುಗೆಂಪು, ನೇರಳೆ ಬಣ್ಣದ ಹಿನ್ನೆಲೆಯಲ್ಲಿ ದುಂಡಗಿನ ಸಣ್ಣ ಗೂಡುಗಳು ಕಾಣುತ್ತವೆ. ಒಂದೊಂದೂ ಒಂದು ಮಿಲಿಮೀಟರಿಗಿಂತ ಚಿಕ್ಕದು. ನಡುವೆ ಮ್ಯಾಕ್ರೋಫೇಜ್‌ಗಳು ಉದ್ದವಾಗಿ, ಒಂದಕ್ಕೊಂದು ಅಂಟಿಕೊಂಡು, ಚಾಪೆ ಹೆಣೆದಂತೆ ಕೂತಿರುತ್ತವೆ. ಅವುಗಳೊಳಗಿನ ಬೀಜ, ಅಂದರೆ ನ್ಯೂಕ್ಲಿಯಸ್, ಚಪ್ಪಲಿಯ ಅಚ್ಚಿನ ಹಾಗೆ ನೀಳವಾಗಿರುತ್ತದೆ. ಅಲ್ಲಲ್ಲಿ ಹಲವು ಕಣಗಳು ಕೂಡಿಕೊಂಡು ಒಂದೇ ದೈತ್ಯ ಕಣವಾಗಿರುತ್ತವೆ. ಅದರೊಳಗೆ ಹತ್ತಾರು ಬೀಜಗಳು ಕುದುರೆ ಲಾಳದ ಆಕಾರದಲ್ಲಿ ಅಂಚಿಗೆ ಸಾಲುಗಟ್ಟಿರುತ್ತವೆ. ಗೂಡಿನ ಹೊರಗಡೆ ಲಿಂಫೋಸೈಟ್‌ಗಳ ತೆಳುವಾದ ಬೇಲಿ. ನಡುಭಾಗ ಗಟ್ಟಿಯಾಗಿರುತ್ತದೆ, ಕೊಳೆತಿರುವುದಿಲ್ಲ. ಈ ಕೊನೆಯ ಮಾತು ಮುಂದೆ ಟಿಬಿ ವಿಷಯಕ್ಕೆ ಬೇಕಾಗುತ್ತದೆ.

ಈಗ ನಿಮ್ಮ ರಿಪೋರ್ಟಿಗೆ ಬರೋಣ. ದುರ್ಬೀನು ಹಾಕಿದಾಗ ಶ್ವಾಸಕೋಶದ ಒಂದು ಭಾಗಕ್ಕೆ ಸಲೈನ್ ಬಿಟ್ಟು, ಮತ್ತೆ ಹೀರಿ, ಅದರಲ್ಲಿರುವ ಕಣಗಳನ್ನು ಎಣಿಸುತ್ತಾರೆ. ಆರೋಗ್ಯವಂತರಲ್ಲಿ ಬಹುಪಾಲು ಮ್ಯಾಕ್ರೋಫೇಜ್‌ಗಳೇ. ಲಿಂಫೋಸೈಟ್ ಶೇ. 15ರ ಒಳಗಿರುತ್ತದೆ. ನಿಮ್ಮವರಲ್ಲಿ 42. ಅನುಪಾತ 5.1 ಅಂದರೆ ಒಂದು ಸಿಡಿ8 ಕಣಕ್ಕೆ ಐದು ಸಿಡಿ4 ಕಣಗಳು. ಇದು 3.5 ದಾಟಿದರೆ ಸಾರ್ಕಾಯ್ಡೋಸಿಸ್ ಕಡೆಗೆ ಬಲವಾಗಿ ಬೆರಳು ಮಾಡುತ್ತದೆ. ಆದರೆ ಈ ರೋಗ ಇದ್ದ ಎಷ್ಟೋ ಜನರಲ್ಲಿ ಅನುಪಾತ ಏರಿರುವುದೇ ಇಲ್ಲ. ಆದ್ದರಿಂದ ಇದು ಬಯಾಪ್ಸಿಗೆ, ಅಂದರೆ ತುಣುಕಿನ ಪರೀಕ್ಷೆಗೆ, ಬೆಂಬಲ ಕೊಡುವ ಸಾಕ್ಷಿ. ಇನ್ನೊಂದು ಮಾತು. ಐದು ಇದ್ದದ್ದು ಏಳಾದರೆ ರೋಗ ಜಾಸ್ತಿ, ಮೂರಾದರೆ ಕಡಿಮೆ ಅಂತ ಲೆಕ್ಕ ಹಾಕಬೇಡಿ. ಅದಕ್ಕಾಗಿ ಮತ್ತೆ ಮತ್ತೆ ದುರ್ಬೀನು ಹಾಕಿಸುವ ಅಗತ್ಯವೂ ಇಲ್ಲ.

ಶಕ್ತಿ ಜಾಸ್ತಿಯೋ ಕಡಿಮೆಯೋ ಅಂತ ನಿಮ್ಮ ನೆಂಟರು ವಾದ ಮಾಡುತ್ತಿದ್ದಾರಲ್ಲ, ಇಬ್ಬರ ಮಾತಲ್ಲೂ ಒಂದಿಷ್ಟು ಹುರುಳಿದೆ. ಶ್ವಾಸಕೋಶದಲ್ಲಿ ಲಿಂಫೋಸೈಟ್ ತುಂಬಿರುವಾಗ ರಕ್ತದಲ್ಲಿ ಅವು ಕಡಿಮೆ ಇರುವುದು ಈ ರೋಗದಲ್ಲಿ ಸಾಮಾನ್ಯ. ಊರಿನವರೆಲ್ಲ ಹೊಲಕ್ಕೆ ಹೋದರೆ ಊರು ಖಾಲಿ, ಅಲ್ವಾ? ಟಿಬಿಗಾಗಿ ಕೈಗೆ ಚುಚ್ಚುವ ಮಾಂಟೂ ಪರೀಕ್ಷೆ ಇವರಲ್ಲಿ ಹೆಚ್ಚಾಗಿ ಏಳದೇ ಇರುವುದಕ್ಕೆ ಅದೂ ಒಂದು ಕಾರಣ. ಇದರ ಜೊತೆಗೆ, ಜಗಳ ನಿಲ್ಲಿಸುವ ಕೆಲಸದ ಟಿ ಕಣಗಳೂ ದೇಹದಲ್ಲಿವೆ. ಸಾರ್ಕಾಯ್ಡೋಸಿಸ್‌ನಲ್ಲಿ ಅವು ಅಲ್ಲಿಗೆ ಬಂದಿದ್ದರೂ ಗುಂಪನ್ನು ಸರಿಯಾಗಿ ಸುಮ್ಮನಾಗಿಸುವುದಿಲ್ಲ. ಆದ್ದರಿಂದ ‘ಶಕ್ತಿ ಹೆಚ್ಚಿಸುವ’ ಯಾವುದೇ ಕಷಾಯ, ಪುಡಿ, ಟಾನಿಕ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಚಿರತೆ ಯಾವುದು ಅಂತ ಕೇಳಬಹುದು. ಒಂದೇ ಉತ್ತರ ಇನ್ನೂ ಸಿಕ್ಕಿಲ್ಲ. ಸಾರ್ಕಾಯ್ಡೋಸಿಸ್ ತುಣುಕುಗಳಲ್ಲಿ ಕೆಲವು ಕಡೆ ಟಿಬಿ ಬಳಗದ ಸೂಕ್ಷ್ಮಜೀವಿಯ ಪ್ರೋಟೀನಿನ ಚೂರು ಸಿಕ್ಕಿದೆ, ಜೀವಂತ ಕ್ರಿಮಿ ಅಲ್ಲ. ಜಪಾನಿನಲ್ಲಿ ಮೊಡವೆಗೆ ಕಾರಣವಾಗುವ ಬ್ಯಾಕ್ಟೀರಿಯಾದ ಕಡೆ ಬೆರಳು ತೋರಿಸಿದ್ದಾರೆ. ನ್ಯೂಯಾರ್ಕ್‌ನಲ್ಲಿ 2001ರಲ್ಲಿ ಗೋಪುರಗಳು ಕುಸಿದ ಮೇಲೆ ಆ ಧೂಳು ಕುಡಿದ ಅಗ್ನಿಶಾಮಕ ಸಿಬ್ಬಂದಿಯಲ್ಲಿ ಇದು ಜಾಸ್ತಿ ಕಾಣಿಸಿತು. ಬೆರಿಲಿಯಂ ಎಂಬ ಲೋಹದ ಧೂಳು ಸೂಕ್ಷ್ಮದರ್ಶಕದಲ್ಲಿ ಬೇರ್ಪಡಿಸಲಾಗದಷ್ಟು ಇದೇ ತರಹದ ರೋಗ ತರುತ್ತದೆ. 2017ರಲ್ಲಿ ವಿಯೆನ್ನಾದ ಸಂಶೋಧಕರು ಇಲಿಗಳ ಮ್ಯಾಕ್ರೋಫೇಜ್‌ನಲ್ಲಿ ಎಂಟಾರ್ ಎಂಬ ಒಂದು ಒಳಗಿನ ಸ್ವಿಚ್ಚನ್ನು ಸದಾ ಒತ್ತಿ ಹಿಡಿದಂತೆ ಮಾಡಿದರು. ಹೊರಗಿನ ಕ್ರಿಮಿ ಏನೂ ಇಲ್ಲದೆ ಗ್ರ್ಯಾನುಲೋಮಗಳು ತಾವಾಗಿ ಹುಟ್ಟಿದವು. ಚಿರತೆ ಹೋದ ಮೇಲೂ ಗುಂಪು ಯಾಕೆ ಚದುರುವುದಿಲ್ಲ ಅನ್ನುವುದಕ್ಕೆ ನನಗೆ ಇದು ಒಳ್ಳೆಯ ಸುಳಿವು ಅನಿಸುತ್ತದೆ. ನಿಮ್ಮವರ ಪ್ರೆಸ್ ಕೆಲಸದಿಂದಲೇ ಬಂತು ಅಂತ ಹೇಳಲು ಆಧಾರ ಇಲ್ಲ. ಆದರೂ ಕಾಗದದ ಧೂಳು, ದ್ರಾವಕದ ವಾಸನೆ ಇರುವ ಕಡೆ ಗಾಳಿ ಆಡುವಂತೆ ಮಾಡಿ ಮಾಸ್ಕ್ ಹಾಕಿಕೊಳ್ಳಲಿ. ಕೆಮ್ಮು ಇರುವ ಯಾರಿಗಾದರೂ ನಾನು ಹೇಳುವ ಮಾತದು. ಇದು ಅಂಟುವ ರೋಗ ಅಲ್ಲ. ತಟ್ಟೆ, ಲೋಟ, ಹಾಸಿಗೆ ಬೇರೆ ಮಾಡಬೇಡಿ. ಮಕ್ಕಳನ್ನು ದೂರ ಇಡಬೇಡಿ.

ಗುಂಪು ಚದುರುವುದೂ ಉಂಟು. ಕೆಲವರಿಗೆ ಜ್ವರ, ಕಣಕಾಲಿನ ಕೀಲು ಬಾವು, ಮೊಣಕಾಲಿನ ಕೆಳಗೆ ಕೆಂಪಾದ ನೋವಿನ ಗಂಟುಗಳು, ಎದೆಯಲ್ಲಿ ಊದಿದ ಗ್ರಂಥಿಗಳು, ಎಲ್ಲ ಒಟ್ಟಿಗೇ ಬರುತ್ತವೆ. ಸ್ವೀಡನ್ನಿನ ವೈದ್ಯರ ಹೆಸರಿನಲ್ಲಿ ಇದನ್ನು ಲೋಫ್‌ಗ್ರೆನ್ ಸಿಂಡ್ರೋಮ್ ಅನ್ನುತ್ತಾರೆ. ರೋಗಿ ನಡೆಯಲಾರದಷ್ಟು ಒದ್ದಾಡುತ್ತಾರೆ, ಮನೆಯವರು ಗಾಬರಿ ಬೀಳುತ್ತಾರೆ. ಆದರೆ ಎಲ್ಲಕ್ಕಿಂತ ಬೇಗ ಪೂರ್ತಿ ವಾಸಿಯಾಗುವವರು ಇವರೇ. ಅಲ್ಲಿನ ಅಧ್ಯಯನಗಳಲ್ಲಿ ಒಂದು ನಿರ್ದಿಷ್ಟ ವಂಶವಾಹಿ ಇದ್ದವರ ಶ್ವಾಸಕೋಶದಲ್ಲಿ ಒಂದೇ ಕುಲದ ಸಿಡಿ4 ಕಣಗಳು ಸೇರುವುದು, ಅಂಥವರು ಸಾಮಾನ್ಯವಾಗಿ ಎರಡು ವರ್ಷದೊಳಗೆ ಗುಣವಾಗುವುದು ಕಂಡಿದೆ. ಗದ್ದಲ ಜೋರಾಗಿದ್ದರೂ ಗುರಿ ಸ್ಪಷ್ಟವಾಗಿದ್ದರೆ ಕೆಲಸ ಬೇಗ ಮುಗಿಯುತ್ತದೆ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ.

ಗುಂಪು ಚದುರದೆ ವರ್ಷಗಟ್ಟಲೆ ಕೂತರೆ ಇನ್ನೊಂದು ದಾರಿ ಹಿಡಿಯುತ್ತದೆ. ಮ್ಯಾಕ್ರೋಫೇಜ್‌ಗಳ ಸ್ವಭಾವ ಬದಲಾಗುತ್ತದೆ. ಹೋರಾಡುವ ಸಂದೇಶಗಳ ಬದಲು ಅವು ಟಿಜಿಎಫ್ ಬೀಟಾದಂಥ, ಗಾಯಕ್ಕೆ ತೇಪೆ ಹಾಕುವ ಸಂದೇಶಗಳನ್ನು ಬಿಡಲು ಶುರು ಮಾಡುತ್ತವೆ. ಅದನ್ನು ಕೇಳಿ ನಾರು ನೇಯುವ ಕಣಗಳು ಬರುತ್ತವೆ. ಗ್ರ್ಯಾನುಲೋಮದ ಸುತ್ತ ಮೊದಲು ಉಂಗುರದ ಹಾಗೆ, ಆಮೇಲೆ ಒಳಗೂ ನಾರು ಕಟ್ಟುತ್ತದೆ. ಈ ಹೊತ್ತಿಗೆ ತೊಳೆದ ನೀರಿನಲ್ಲಿ ಲಿಂಫೋಸೈಟ್ ಇಳಿದು ನ್ಯೂಟ್ರೋಫಿಲ್ ಎಂಬ ಬೇರೆ ಬಿಳಿ ಕಣಗಳು ಏರಿರಬಹುದು. ಕಟ್ಟಿದ ನಾರನ್ನು ಯಾವ ಗುಳಿಗೆಯೂ ಬಿಚ್ಚುವುದಿಲ್ಲ.

ಹಾಗಾದರೆ ಒಂದು, ಎರಡರಲ್ಲಿ ಸಿಡಿ4 ಗದ್ದಲ, ಮೂರು, ನಾಲ್ಕರಲ್ಲಿ ನಾರು ಅಂತ ಗೆರೆ ಎಳೆಯಬಹುದಾ? ಪುಸ್ತಕದಲ್ಲಿ ಹಾಗೆ ಎಳೆಯಬಹುದು. ರೋಗಿಯಲ್ಲಿ ಅಷ್ಟು ಸಲೀಸಲ್ಲ. ನಾಲ್ಕನೇ ಸ್ಟೇಜಿನ ಶ್ವಾಸಕೋಶದಲ್ಲೂ ನಾರಿನ ಪಕ್ಕದಲ್ಲೇ ಇನ್ನೂ ಬಿಸಿಯಾಗಿರುವ ಗ್ರ್ಯಾನುಲೋಮಗಳು ಇರಬಹುದು. ಪೆಟ್ ಸ್ಕ್ಯಾನ್‌ನಲ್ಲಿ ಅವು ದೀಪದ ಹಾಗೆ ಹೊಳೆಯುತ್ತವೆ. ಅಂಥವರಿಗೆ ಔಷಧಿಯಿಂದ ಉಪಯೋಗ ಇದೆ. ಅದೇ, ಒಂದನೇ ಸ್ಟೇಜಿನಲ್ಲಿ ಇದ್ದು ತೊಂದರೆಯೇ ಇಲ್ಲದವರಿಗೆ ನಾನು ಏನೂ ಕೊಡುವುದಿಲ್ಲ, ಮೂರು ತಿಂಗಳಿಗೊಮ್ಮೆ ನೋಡುತ್ತೇನೆ. ನಾಲ್ಕಕ್ಕೆ ಔಷಧಿ, ಒಂದಕ್ಕೆ ಬರೀ ಕಾಯುವುದು. ಕೇಳಿದವರಿಗೆ ಉಲ್ಟಾ ಅನಿಸುತ್ತದೆ. ಆದರೆ ಔಷಧಿ ಕೊಡುವುದು ಸ್ಟೇಜಿನ ಸಂಖ್ಯೆಗಲ್ಲ, ಒಳಗಿನ ಉರಿಗೆ, ಅದರಿಂದ ಯಾವ ಅಂಗ ನಲುಗುತ್ತಿದೆಯೋ ಅದಕ್ಕೆ.

ಟಿಬಿ ಗುಳಿಗೆಯಿಂದ ಎರಡು ತಿಂಗಳು ಹಾಳಾಯಿತು ಅಂತ ನಿಮಗೆ ಬೇಸರ ಇದೆ. ಅದು ಸಹಜ. ಆದರೆ ನಮ್ಮ ಭಾಗದಲ್ಲಿ ಕೆಮ್ಮು, ಸುಸ್ತು, ಎಕ್ಸ್‌ರೇಯಲ್ಲಿ ಗ್ರಂಥಿ ಕಂಡರೆ ವೈದ್ಯರು ಮೊದಲು ಟಿಬಿ ಅನ್ನಲೇಬೇಕು. ಎರಡೂ ರೋಗಗಳು ಗ್ರ್ಯಾನುಲೋಮದ ರೋಗಗಳೇ. ಟಿಬಿಯಲ್ಲಿ ಚಿರತೆ ನಿಜವಾಗಿಯೂ ಒಳಗಿರುತ್ತದೆ. ಅಲ್ಲಿ ಗೂಡಿನ ನಡುಭಾಗ ಸತ್ತು, ಒಡೆದ ಹಾಲಿನ ಗಡ್ಡೆಯಂತೆ ಆಗಿರುತ್ತದೆ. ಆದರೆ ಟಿಬಿಯ ಎಲ್ಲ ತುಣುಕಿನಲ್ಲೂ ಈ ಕೊಳೆತ ಸಿಗುವುದಿಲ್ಲ, ಹಾಗಾಗಿ ಬರೀ ಅದನ್ನು ನಂಬಿ ಕೂರಬಾರದು. ತುಣುಕಿನ ಮೇಲೆ ಟಿಬಿ ಕ್ರಿಮಿಯ ವಂಶವಾಹಿ ಹುಡುಕುವ ಸಿಬಿನ್ಯಾಟ್ ಪರೀಕ್ಷೆ ಆಗಿದೆಯಾ, ಕ್ರಿಮಿ ಬೆಳೆಯುತ್ತಾ ಅಂತ ನೋಡುವ ಟಿಬಿ ಕಲ್ಚರ್ ಹಾಕಿದ್ದಾರಾ ಕೇಳಿ. ಕಲ್ಚರ್ ಪೂರ್ತಿ ಬರಲು ಆರರಿಂದ ಎಂಟು ವಾರ ಬೇಕು. ಸ್ಟೀರಾಯ್ಡ್ ಶುರು ಮಾಡುವಾಗ ಆ ರಿಪೋರ್ಟ್ ಎಲ್ಲಿಗೆ ಬಂತು ಅನ್ನುವುದು ವೈದ್ಯರಿಗೂ ನಿಮಗೂ ಗೊತ್ತಿರಬೇಕು. ಇದನ್ನು ಓದುವ ಬೇರೆಯವರಿಗೂ ಹೇಳುತ್ತೇನೆ, ಟಿಬಿ ಗುಳಿಗೆಯನ್ನು ಸಾರ್ಕಾಯ್ಡೋಸಿಸ್ ಇರಬಹುದು ಅಂತ ನೀವಾಗಿಯೇ ನಿಲ್ಲಿಸಬೇಡಿ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕಿರಿಯ ವೈದ್ಯನಾಗಿದ್ದಾಗ, ಒಂದು ದವಾಖಾನೆಯಲ್ಲಿ, ಶಾಲೆ ಮಾಸ್ತರರೊಬ್ಬರನ್ನು ನೋಡುತ್ತಿದ್ದೆ. ಎಕ್ಸ್‌ರೇಯಲ್ಲಿ ಗ್ರಂಥಿ ಇತ್ತು, ಕಫದಲ್ಲಿ ಕ್ರಿಮಿ ಇರಲಿಲ್ಲ. ಟಿಬಿ ಅಂತಲೇ ಆರು ತಿಂಗಳು ಗುಳಿಗೆ ಕೊಟ್ಟೆ. ಪ್ರತಿ ಸಲ ಕೆಮ್ಮು ಹೇಗಿದೆ, ತೂಕ ಎಷ್ಟು ಅಂತ ಕೇಳಿದೆ. ಕಣ್ಣು ಹೇಗಿದೆ ಅಂತ ಒಮ್ಮೆಯೂ ಕೇಳಲಿಲ್ಲ. ಕಣ್ಣು ಕೆಂಪಾಗುತ್ತೆ, ಬೋರ್ಡ್ ಮೇಲೆ ಬರೆದದ್ದು ಮಸುಕು ಕಾಣುತ್ತೆ ಅಂತ ಕೊನೆಗೆ ಅವರೇ ಹೇಳಿದರು. ಕಣ್ಣಿನೊಳಗೆ ಉರಿಯೂತ ಆಗಿತ್ತು. ಅದು ಸಾರ್ಕಾಯ್ಡೋಸಿಸ್. ಚಿಕಿತ್ಸೆಯಿಂದ ಶ್ವಾಸಕೋಶ ಪೂರ್ತಿ ಸರಿಹೋಯಿತು, ಒಂದು ಕಣ್ಣಿನ ದೃಷ್ಟಿ ಮೊದಲಿನ ಹಾಗೆ ಬರಲಿಲ್ಲ. ಅವತ್ತಿನಿಂದ ಇಂಥ ಪ್ರತಿಯೊಬ್ಬರನ್ನೂ, ಕಣ್ಣಿಗೆ ತೊಂದರೆ ಇಲ್ಲದಿದ್ದರೂ, ಒಮ್ಮೆ ಕಣ್ಣಿನ ವೈದ್ಯರ ಹತ್ತಿರ ಕಳಿಸುತ್ತೇನೆ. ನಿಮ್ಮವರಿಗೂ ಈ ಪರೀಕ್ಷೆ ಆಗಲೇಬೇಕು. ಜೊತೆಗೆ ಒಂದು ಇಸಿಜಿ. ಹೃದಯದಲ್ಲಿ ಗ್ರ್ಯಾನುಲೋಮ ಕೂತರೆ ಬಡಿತದ ದಾರಿ ಕಟ್ಟಬಹುದು. ಎದೆ ಡವಡವ ಅನ್ನುವುದು, ತಲೆ ಸುತ್ತಿ ಬೀಳುವುದು ಆದರೆ ಒಂದು ದಿನವೂ ಕಾಯಬೇಡಿ.

ಈಗ ನಿಮ್ಮ ಪತ್ರದಲ್ಲಿ ನನ್ನನ್ನು ನಿಜವಾಗಿ ಕಾಡಿದ ಸಾಲು. ಸ್ಟೇಜ್ ಅಲ್ಲ, ಸ್ಟೀರಾಯ್ಡ್ ಅಲ್ಲ. ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಗುಳಿಗೆ.

ವಿಟಮಿನ್ ಡಿ ನಮ್ಮ ದೇಹದಲ್ಲಿ ಎರಡು ರೂಪದಲ್ಲಿರುತ್ತದೆ. ಒಂದು ದಾಸ್ತಾನು, ಇನ್ನೊಂದು ಕೆಲಸ ಮಾಡುವ ರೂಪ. ದಾಸ್ತಾನನ್ನು ಕೆಲಸದ ರೂಪಕ್ಕೆ ತಿರುಗಿಸುವುದು ಮುಖ್ಯವಾಗಿ ಮೂತ್ರಪಿಂಡ. ಎಷ್ಟು ಬೇಕೋ ಅಷ್ಟೇ ತಿರುಗಿಸುತ್ತದೆ, ಸಾಕಾದಾಗ ನಿಲ್ಲಿಸುತ್ತದೆ. ಸಾರ್ಕಾಯ್ಡೋಸಿಸ್‌ನಲ್ಲಿ ಗ್ರ್ಯಾನುಲೋಮದ ಮ್ಯಾಕ್ರೋಫೇಜ್‌ಗಳೂ ಇದೇ ಕೆಲಸಕ್ಕೆ ಕೈ ಹಾಕುತ್ತವೆ. ಅವಕ್ಕೆ ಸಾಕು ಅನ್ನುವುದು ಗೊತ್ತಿಲ್ಲ. ಹೀಗೆ ಕೆಲಸದ ರೂಪ ಏರಿ, ಕರುಳು ಕ್ಯಾಲ್ಸಿಯಂ ಜಾಸ್ತಿ ಹೀರಿ, ರಕ್ತದಲ್ಲೂ ಮೂತ್ರದಲ್ಲೂ ಕ್ಯಾಲ್ಸಿಯಂ ಏರುತ್ತದೆ. ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ಮಂಕು, ಮೂತ್ರಪಿಂಡದಲ್ಲಿ ಕಲ್ಲು, ಕೆಲವೊಮ್ಮೆ ಮೂತ್ರಪಿಂಡಕ್ಕೇ ಪೆಟ್ಟು. ಇಲ್ಲಿ ಒಂದು ಮೋಸದ ಜಾಗ ಇದೆ. ಲ್ಯಾಬಿನವರು ಸಾಮಾನ್ಯವಾಗಿ ಅಳೆಯುವುದು ದಾಸ್ತಾನನ್ನು. ಅದು ಈ ರೋಗಿಗಳಲ್ಲಿ ಹೆಚ್ಚಾಗಿ ಕಡಿಮೆ ಬರುತ್ತದೆ, ಯಾಕೆಂದರೆ ಬಹಳಷ್ಟು ಕೆಲಸದ ರೂಪಕ್ಕೆ ಹೋಗಿಬಿಟ್ಟಿರುತ್ತದೆ. ಆ ರಿಪೋರ್ಟ್ ನೋಡಿ ವಿಟಮಿನ್ ಡಿ ಕಡಿಮೆ ಇದೆ ಅಂತ ಇನ್ನಷ್ಟು ಕೊಟ್ಟರೆ ಉರಿಗೆ ಎಣ್ಣೆ ಹಾಕಿದಂತೆ.

ಆದ್ದರಿಂದ ಆ ಎರಡೂ ಗುಳಿಗೆ ಇವತ್ತೇ ಪಕ್ಕಕ್ಕಿಡಿ. ರಕ್ತದ ಕ್ಯಾಲ್ಸಿಯಂ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ವಿಟಮಿನ್ ಡಿಯ ಎರಡೂ ರೂಪ ನೋಡಿಸಿ. ಮುಂದೆ ಸ್ಟೀರಾಯ್ಡ್‌ನಿಂದ ಎಲುಬು ಸವೆಯದಂತೆ ಅವನ್ನು ಕೊಡಬೇಕಾದರೂ ಈ ಲೆಕ್ಕ ನೋಡಿಯೇ ವೈದ್ಯರು ಕೊಡಬೇಕು. ಹಾಲು, ಮಜ್ಜಿಗೆ, ರೊಟ್ಟಿ, ಪಲ್ಯ ಎಂದಿನಂತೆ ಉಣ್ಣಲಿ, ಕ್ಯಾಲ್ಸಿಯಂ ಏರಿದೆ ಅಂತ ಬಂದರೆ ಮಾತ್ರ ಹಾಲಿನ ಲೆಕ್ಕ ಕೇಳಿಕೊಳ್ಳಿ. ನೀರು ಚೆನ್ನಾಗಿ ಕುಡಿಯಲಿ. ಬೇಸಿಗೆಯ ಬಿಸಿಲಲ್ಲಿ ಹೊತ್ತುಗಟ್ಟಲೆ ಕೂರುವುದು ಬೇಡ, ಬಿಸಿಲೂ ವಿಟಮಿನ್ ಡಿ ಮಾಡುತ್ತದಲ್ಲ.

ಕಷಾಯವನ್ನೂ ನಿಲ್ಲಿಸಿ. ಅಮೃತಬಳ್ಳಿ ನಮ್ಮ ಹಿತ್ತಲ ಗಿಡ, ಅದರ ಮೇಲೆ ನಿಮಗಿರುವ ನಂಬಿಕೆಯನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಕೋವಿಡ್ ಕಾಲದಲ್ಲಿ ದಿನವೂ ಅದನ್ನು ಕುಡಿದ ಕೆಲವರಲ್ಲಿ ಲಿವರ್‌ಗೆ ಉರಿಯೂತ ಆದದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ರೋಗನಿರೋಧಕ ಕಣಗಳು ಲಿವರ್ ಮೇಲೆಯೇ ತಿರುಗಿಬಿದ್ದಂತಿತ್ತು. ಮೊದಲೇ ಕೆರಳಿ ಕೂತ ಕಣಗಳಿರುವವರಿಗೆ ಅದು ಬೇಡ. ಮುಂದೆ ಸ್ಟೀರಾಯ್ಡ್ ಬದಲು ಕೊಡುವ ಮೆಥೋಟ್ರೆಕ್ಸೇಟ್ ಎಂಬ ಔಷಧಿ ಬೇಕಾದರೆ ಅದಕ್ಕೂ ಲಿವರ್ ಆರೋಗ್ಯವಾಗಿರಬೇಕು.

ಸ್ಟೀರಾಯ್ಡ್ ಬೇಕಾ? ನಿಮ್ಮವರಿಗೆ ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತದೆ, ತಿಂಗಳುಗಟ್ಟಲೆ ಕೆಮ್ಮಿದೆ, ತೊಳೆದ ನೀರಿನಲ್ಲಿ ಕಣಗಳು ಇನ್ನೂ ಗದ್ದಲದಲ್ಲಿವೆ. ಉಸಿರಿನ ಪರೀಕ್ಷೆಯಲ್ಲಿ, ಅಂದರೆ ಪಿಎಫ್‌ಟಿಯಲ್ಲಿ, ಎಫ್‌ವಿಸಿ (ಒಂದೇ ಉಸಿರಿಗೆ ಊದಿ ಹೊರಹಾಕುವ ಗಾಳಿ) ಮತ್ತು ರಕ್ತಕ್ಕೆ ಅನಿಲ ದಾಟುವ ಪ್ರಮಾಣ ಕಡಿಮೆ ಬಂದಿದ್ದರೆ ನಾನೂ ಶುರು ಮಾಡುತ್ತಿದ್ದೆ. ಆ ಪರೀಕ್ಷೆ ಇನ್ನೂ ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಮುಂದೆ ಔಷಧಿ ಹಿಡಿಯಿತೋ ಇಲ್ಲವೋ ಅಂತ ಹೋಲಿಸಲು ಅದೇ ಅಳತೆ. ಸಾಮಾನ್ಯವಾಗಿ ಪ್ರೆಡ್ನಿಸೋಲೋನ್ ದಿನಕ್ಕೆ 20ರಿಂದ 40 ಮಿಲಿಗ್ರಾಂನಿಂದ ಶುರು ಮಾಡಿ, ಕೆಲವು ವಾರಗಳ ನಂತರ ಇಳಿಸುತ್ತಾ, ಒಟ್ಟು ಆರರಿಂದ ಹನ್ನೆರಡು ತಿಂಗಳು ಕೊಡುತ್ತಾರೆ. ಅದು ಕಣಗಳ ಕೂಗಾಟವನ್ನು ತಗ್ಗಿಸುತ್ತದೆ. ಮೂಲ ಕಾರಣವನ್ನು ಕಿತ್ತು ಹಾಕುವುದಿಲ್ಲ, ಅದಕ್ಕೇ ಕೆಲವರಲ್ಲಿ ನಿಲ್ಲಿಸಿದ ಮೇಲೆ ಮತ್ತೆ ಬರುತ್ತದೆ. ಶುಗರ್, ಬಿಪಿ ಏರುವುದು, ಹಸಿವು ಮತ್ತು ತೂಕ ಹೆಚ್ಚುವುದು, ನಿದ್ದೆ ಕೆಡುವುದು, ಸಿಡಿಮಿಡಿ ಆಗುವುದು, ಇವೆಲ್ಲ ನಿಜ. ಹೆದರಿಕೆ ನಿಮಗೆ ಇದ್ದರೆ ಇರಲಿ, ಆದರೆ ಎರಡು ವಾರ ತಿಂದು ಚೆನ್ನಾಗಾಯಿತು ಅಂತ ಥಟ್ಟನೆ ಬಿಟ್ಟುಬಿಡಬೇಡಿ. ಇಳಿಸುವ ಲೆಕ್ಕವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

ಸ್ಟೀರಾಯ್ಡ್ ಒಗ್ಗದಿದ್ದರೆ ದಾರಿ ಮುಚ್ಚಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 138 ರೋಗಿಗಳ ಮೇಲೆ ನಡೆದ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಮೊದಲ ಔಷಧಿಯಾಗಿಯೇ ಮೆಥೋಟ್ರೆಕ್ಸೇಟ್ ಕೊಟ್ಟವರ ಶ್ವಾಸಕೋಶ 24 ವಾರಗಳಲ್ಲಿ ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡ್ ತೆಗೆದುಕೊಂಡವರಷ್ಟೇ ಸುಧಾರಿಸಿತ್ತು. ಅದರ ಕೆಲಸ ನಿಧಾನ. ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನವೂ ತಿಂದು ಜೀವಕ್ಕೆ ಕುತ್ತು ತಂದುಕೊಂಡವರಿದ್ದಾರೆ. ಕ್ಯಾಲೆಂಡರ್ ಮೇಲೆ ಆ ದಿನಕ್ಕೆ ಗುರುತು ಹಾಕಿ. ಇವೆರಡಕ್ಕೂ ಬಗ್ಗದಿದ್ದರೆ ಟಿಎನ್‌ಎಫ್ ತಡೆಯುವ ಇನ್‌ಫ್ಲಿಕ್ಸಿಮಾಬ್‌ನಂಥ ಚುಚ್ಚುಮದ್ದು ಇದೆ. ಟಿಎನ್‌ಎಫ್ ಗುಂಪನ್ನು ಹಿಡಿದಿಡುವ ಹಗ್ಗ ಅಂತ ತಿಳಿಯಿರಿ. ಅದನ್ನು ಕತ್ತರಿಸಿದರೆ ಸಾರ್ಕಾಯ್ಡೋಸಿಸ್ ಗುಂಪು ಚದುರುತ್ತದೆ. ಆದರೆ ಎಂದೋ ಬಂದು ಗೂಡಿನೊಳಗೆ ಮಲಗಿದ್ದ ಟಿಬಿ ಇದ್ದರೆ ಅದಕ್ಕೂ ಬಾಗಿಲು ತೆರೆಯುತ್ತದೆ. ಹಾಗಾಗಿ ನಮ್ಮಲ್ಲಿ ಮಲಗಿದ ಟಿಬಿ ಇದೆಯಾ ಅಂತ ನೋಡದೆ ಅದನ್ನು ಕೊಡುವ ಹಾಗಿಲ್ಲ.

ಮುಂದಿನ ಸಲ ಹುಬ್ಬಳ್ಳಿಗೆ ಹೋಗುವಾಗ ಮೊದಲ ಎಕ್ಸ್‌ರೇ ಫಿಲ್ಮ್ ಹುಡುಕಿ ತೆಗೆದುಕೊಂಡು ಹೋಗಿ. ಆಗಿನದು ಮತ್ತು ಈಗಿನದು ಅಕ್ಕಪಕ್ಕ ಇಟ್ಟರೆ ಚುಕ್ಕೆಗಳು ಹೆಚ್ಚುತ್ತಿವೆಯೋ ಇಳಿಯುತ್ತಿವೆಯೋ ಕಾಣುತ್ತದೆ. ಯಾವ ಸ್ಟೇಜ್ ಅಂತ ಬರೆದ ಚೀಟಿಗಿಂತ ಅದು ಜಾಸ್ತಿ ಹೇಳುತ್ತದೆ. ಆದರೆ ಕ್ಯಾಲ್ಸಿಯಂ ಪರೀಕ್ಷೆಗೆ ಹುಬ್ಬಳ್ಳಿಯವರೆಗೆ ಕಾಯುವುದು ಬೇಡ, ಗದಗಿನಲ್ಲೇ ನಾಳೆ ಬೆಳಿಗ್ಗೆ ಕೊಟ್ಟು ಬನ್ನಿ. ರಿಪೋರ್ಟ್ ಬಂದ ಮೇಲೆ ಅಂಕಿ ಸಮೇತ ನನಗೆ ಮತ್ತೆ ಬರೆಯಿರಿ.